ಶುಗರ್ ಮಾತ್ರೆ ಹೇಗೆ ತಗೋಬೇಕು: ತೋಟದ ಮನೆಯವರಿಗೂ ಪೇಟೆಯವರಿಗೂ ಒಂದು ಕೊಡಗಿನ ಗೈಡ್

ನಮ್ ಕಡೆ ಯಾರನ್ನಾದ್ರೂ ಶುಗರ್‌ಗೆ ಏನ್ ಮಾತ್ರೆ ತಗೋತೀರಾ ಅಂತ ಕೇಳಿ ನೋಡಿ, "ಬೆಳಿಗ್ಗೆ ಒಂದು ಬಿಳೀದು, ರಾತ್ರಿ ಒಂದು ಉದ್ದದ್ದು" ಅಂತಾರೆ. ಹೆಸರು ಗೊತ್ತಿರಲ್ಲ. ಆಸ್ಪತ್ರೆ ಪಕ್ಕದ ಬೀದೀಲೇ ಇರೋರಿಗೆ ಹೇಗೋ ನಡೆದುಹೋಗುತ್ತೆ, ಆದ್ರೆ ಜುಲೈ ಬಂತು ಅಂದ್ರೆ ಕರೆಂಟೂ ನೆಟ್‌ವರ್ಕೂ ಒಟ್ಟಿಗೇ ಹೋಗೋ ಊರಿನವರಿಗೆ, ಕತ್ತಲಾದ್ಮೇಲೆ ಆನೆ ಭಯಕ್ಕೆ ಗೇಟು ದಾಟದೇ ಇರೋ ತೋಟದ ಮನೆಯವರಿಗೆ, ರಾತ್ರಿ ಎರಡು ಗಂಟೆಗೆ ಮೈಯೆಲ್ಲಾ ಬೆವರು ಬಂದ್ರೆ ಏನು ಮಾಡ್ಬೇಕು ಅನ್ನೋದು ತಾವೇ ಗೊತ್ತಿಟ್ಕೊಂಡಿರ್ಬೇಕು. ಅದಕ್ಕೇ ಇದನ್ನ ಬರೀತಿರೋದು. ಇದು ಟೈಪ್ 2 ಡಯಾಬಿಟಿಸ್‌ಗೆ ಬಾಯಲ್ಲಿ ತಗೊಳ್ಳೋ ಮಾತ್ರೆಗಳ ಬಗ್ಗೆ ಮಾತ್ರ, ಇನ್ಸುಲಿನ್ ವಿಷಯ ಬೇರೆ. ಯಾವ ಮಾತ್ರೆ, ಎಷ್ಟು ಎಂಜಿ ಅನ್ನೋದು ನಿಮ್ಮ ಡಾಕ್ಟರ್‌ಗೆ ಬಿಟ್ಟಿದ್ದು, ಇದನ್ನ ಓದಿ ಡೋಸ್ ಹೆಚ್ಚು ಕಮ್ಮಿ ಮಾಡ್ಕೋಬೇಡಿ.

1. ಮನೇಲಿರೋ ಸ್ಟ್ರಿಪ್‌ಗಳನ್ನೆಲ್ಲಾ ಒಂದು ಸಲ ಮೇಜಿನ ಮೇಲೆ ಹರಡಿ

ದೊಡ್ಡ ಅಕ್ಷರದಲ್ಲಿ ಇರೋದು ಕಂಪನಿ ಇಟ್ಟ ಹೆಸರು, ಅದನ್ನ ಬಿಟ್ಟು ಕೆಳಗೆ ಸಣ್ಣಕ್ಕೆ ಬರೆದಿರೋದನ್ನ ಓದಿ, ಕಣ್ಣಿಗೆ ಕಾಣದಿದ್ರೆ ಫೋನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ. ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್, ಗ್ಲಿಕ್ಲಾಜೈಡ್, ಸಿಟಾಗ್ಲಿಪ್ಟಿನ್, ವಿಲ್ಡಾಗ್ಲಿಪ್ಟಿನ್, ಡಾಪಾಗ್ಲಿಫ್ಲೋಜಿನ್, ವೋಗ್ಲಿಬೋಸ್, ಇಂಥವು ಸಿಗುತ್ತೆ. ನಮ್ಮಲ್ಲಿ ಒಂದೇ ಮಾತ್ರೆ ಒಳಗೆ ಎರಡು ಮೂರು ಔಷಧಿ ಸೇರಿಸಿರೋದೇ ಜಾಸ್ತಿ, ಹಂಗಾಗಿ "ನಾನು ಒಂದೇ ಮಾತ್ರೆ ತಗೊಳ್ಳೋದು" ಅನ್ನೋರೂ ನಿಜಕ್ಕೆ ಮೂರು ತಗೋತಿರ್ತಾರೆ. ಹೆಸರಿನ ಕೊನೇಲಿ ಜಿಪಿ 1, ಜಿಪಿ 2 ಅಂತಿದ್ರೆ ಆ 1, 2 ಅನ್ನೋದು ಸಾಮಾನ್ಯವಾಗಿ ಗ್ಲಿಮೆಪಿರೈಡ್ ಎಷ್ಟು ಎಂಜಿ ಅನ್ನೋ ಲೆಕ್ಕ. ಅಂಗಡೀಲಿ 1ರ ಬದಲು 2 ಕೊಟ್ರೆ ಡೋಸು ಡಬಲ್ ಆದಂಗೆ, ಪ್ಯಾಕೆಟ್ ನೋಡೋಕೆ ಹೆಚ್ಚುಕಮ್ಮಿ ಒಂದೇ ಥರ ಇರುತ್ತೆ. ಅದಕ್ಕೆ ಮೆಡಿಕಲ್‌ನಿಂದ ಹೊರಡೋಕೆ ಮುಂಚೆ ಹಳೇ ಸ್ಟ್ರಿಪ್ಪು ಹೊಸ ಸ್ಟ್ರಿಪ್ಪು ಪಕ್ಕ ಪಕ್ಕ ಹಿಡಿದು ಓದಿ, ಹಿಂದೆ ಕ್ಯೂ ಇದ್ರೂ ಪರವಾಗಿಲ್ಲ.

ಇನ್ನೊಂದು ತೊಂದ್ರೆ ಬ್ರ್ಯಾಂಡ್ ಬದಲಾದಾಗ. ವಿರಾಜಪೇಟೆ ಡಾಕ್ಟರ್ ಒಂದು ಹೆಸರು ಬರೀತಾರೆ, ಮೈಸೂರಿನವರು ಇನ್ನೊಂದು ಹೆಸರು ಬರೀತಾರೆ, ಒಳಗಿರೋ ಔಷಧಿ ಅದೇ, ನಾವು ಎರಡನ್ನೂ ನುಂಗ್ತೀವಿ. ಸಣ್ಣ ಅಕ್ಷರ ಒಂದೇ ಆಗಿದ್ರೆ ಎರಡೂ ತಗೋಬೇಡಿ, ಫೋನ್ ಮಾಡಿ ಕೇಳಿ. ಜನೌಷಧಿ ಕೇಂದ್ರದಲ್ಲಿ ತಗೊಳ್ಳೋರಿಗೆ ಈ ಕಷ್ಟ ಕಮ್ಮಿ, ಅಲ್ಲಿ ಔಷಧಿ ಹೆಸರಲ್ಲೇ ಕೊಡ್ತಾರೆ, ದುಡ್ಡೂ ಕಮ್ಮಿ.

ಬಿಡಿಯಾಗಿ ಐದು ಮಾತ್ರೆ ತಗೊಳ್ಳೋ ಅಭ್ಯಾಸ ಇದ್ರೆ ಅಂಗಡಿಯವರು ಸ್ಟ್ರಿಪ್ ಕತ್ತರಿಸಿ ಕೊಡೋವಾಗ ಎಕ್ಸ್‌ಪೈರಿ ಬರೆದಿರೋ ತುಂಡು ಅವರ ಹತ್ರಾನೇ ಉಳ್ಕೊಳುತ್ತೆ. ಆ ತುಂಡನ್ನೇ ಕೇಳಿ ಇಸ್ಕೊಳ್ಳಿ, ಇಲ್ಲಾಂದ್ರೆ ಪೂರ್ತಿ ಸ್ಟ್ರಿಪ್ಪೇ ತಗೊಳ್ಳಿ.

ಗಂಡ ಹೆಂಡತಿ ಇಬ್ರಿಗೂ ಶುಗರ್ ಇರೋ ಮನೇಲಿ ಎರಡು ಬೇರೆ ಡಬ್ಬಿ, ಮುಚ್ಚಳದ ಮೇಲೆ ಹೆಸರು. ಪಕ್ಕದ ಲೈನ್ ಮನೆಯವರಿಗೆ (ತೋಟದ ಕೆಲಸದವರ ಸಾಲುಮನೆ) ಮಾತ್ರೆ ಖಾಲಿ ಆಯ್ತು ಅಂತ ನಮ್ಮದನ್ನ ಕೊಡೋದು, ಅವರದ್ದನ್ನ ನಾವು ತಗೊಳ್ಳೋದು ಬೇಡವೇ ಬೇಡ.

2. ಶುಗರನ್ನ ಲೋ ಮಾಡೋ ಮಾತ್ರೆ ಯಾವುದು ಅಂತ ಗುರುತು ಹಾಕಿ

ಈ ಬರಹದಲ್ಲಿ ಒಂದೇ ಒಂದು ವಿಷಯ ನೆನಪಿಟ್ಕೊಳ್ಳೋದಾದ್ರೆ ಇದನ್ನ ಇಟ್ಕೊಳ್ಳಿ. ಗ್ಲಿಮೆಪಿರೈಡ್, ಗ್ಲಿಕ್ಲಾಜೈಡ್, ಗ್ಲಿಬೆನ್‌ಕ್ಲಮೈಡ್, ಗ್ಲಿಪಿಜೈಡ್ ಈ ಗುಂಪಿಗೆ ಸಲ್ಫೊನೈಲ್‌ಯೂರಿಯಾ ಅಂತಾರೆ. ಇವು ಮೇದೋಜೀರಕ ಗ್ರಂಥಿ ಹತ್ರ ಇನ್ಸುಲಿನ್ ಬಿಡಿಸ್ತವೆ, ನೀವು ಊಟ ಮಾಡಿದ್ದೀರೋ ಇಲ್ವೋ ಅಂತ ಕಾಯಲ್ಲ. ಊಟ ಬಿಟ್ರೆ ಶುಗರ್ 70ಕ್ಕಿಂತ ಕೆಳಗೆ ಇಳೀಬಹುದು. ಈ ಗುಂಪಿನ ಸ್ಟ್ರಿಪ್ ಮೇಲೆ ಕೆಂಪು ಮಾರ್ಕರ್ ಪೆನ್ನಲ್ಲಿ ದೊಡ್ಡದಾಗಿ ಒಂದು ಗುರುತು ಹಾಕಿ. ಗ್ಲಿಬೆನ್‌ಕ್ಲಮೈಡ್ ಹಳೇ ಮಾತ್ರೆ, ಲೋ ಆದ್ರೆ ತುಂಬಾ ಹೊತ್ತು ಎಳೆಯುತ್ತೆ, ವಯಸ್ಸಾದೋರು ಇನ್ನೂ ಅದನ್ನೇ ತಗೋತಿದ್ರೆ ಬೇರೆದಕ್ಕೆ ಬದಲಾಯಿಸ್ಬಹುದಾ ಅಂತ ಡಾಕ್ಟರ್ ಹತ್ರ ಕೇಳಿ.

ಮೆಟ್‌ಫಾರ್ಮಿನ್, ಗ್ಲಿಪ್ಟಿನ್‌ಗಳು, ಗ್ಲಿಫ್ಲೋಜಿನ್‌ಗಳು, ವೋಗ್ಲಿಬೋಸ್, ಪಯೋಗ್ಲಿಟಜೋನ್ ಒಂಟಿಯಾಗಿ ತಗೊಂಡ್ರೆ ಸಾಮಾನ್ಯವಾಗಿ ಲೋ ಮಾಡಲ್ಲ. ಕೆಂಪು ಗುರುತಿನ ಮಾತ್ರೆ ಜೊತೆ ಸೇರಿದಾಗ ಮಾತ್ರ ಹುಷಾರು.

ಬೆಂಗಳೂರಲ್ಲಿರೋ ಮಕ್ಕಳು ದಿನಾ ಬೆಳಿಗ್ಗೆ ಫೋನ್ ಮಾಡಿ "ಅಪ್ಪ, ಮಾತ್ರೆ ತಗೊಂಡ್ರಾ?" ಅಂತಾರೆ. ಕಾಳಜಿ ಒಳ್ಳೇದೇ, ಆದ್ರೆ ಅದಕ್ಕೆ ಮುಂಚೆ "ತಿಂಡಿ ಆಯ್ತಾ?" ಅಂತ ಕೇಳಿ. ಮಕ್ಕಳಿಗೆ ಹೂಂ ಅನ್ಬೇಕಲ್ಲಾ ಅಂತ ಖಾಲಿ ಹೊಟ್ಟೇಲಿ ಗ್ಲಿಮೆಪಿರೈಡ್ ನುಂಗಿ ತೋಟಕ್ಕೆ ಹೋಗೋ ಅಪ್ಪಂದಿರು ಬೇಕಾದಷ್ಟು ಜನ ಇದ್ದಾರೆ.

3. ಮಾತ್ರೆಯನ್ನ ಊಟಕ್ಕೆ ಕಟ್ಟಿ, ಗಡಿಯಾರಕ್ಕಲ್ಲ

ಗ್ಲಿಮೆಪಿರೈಡ್ ಇರೋ ಮಾತ್ರೆ ತಿಂಡಿ ಜೊತೆ, ಅಥವಾ ಡಾಕ್ಟರ್ ಮುಂಚೆ ಅಂದಿದ್ರೆ ಸ್ವಲ್ಪ ಮುಂಚೆ. ಮುಂಚೆ ಅಂದ್ರೆ ಅಕ್ಕಿ ರೊಟ್ಟಿ ತಟ್ಟೆಗೆ ಬಂದಿರ್ಬೇಕು, ಹಿಟ್ಟು ಕಲಸ್ತಾ ಇರೋವಾಗಲ್ಲ. ಕಾಫಿ ಕೊಯ್ಲಿನ ಟೈಮಲ್ಲಿ ಬೆಳಿಗ್ಗೆ ಬರೀ ಕಾಪಿ ಕುಡಿದು ಕೆಲಸಕ್ಕೆ ಹೋಗಿ ಹತ್ತು ಗಂಟೆ ಮೇಲೆ ತಿಂಡಿ ತಿನ್ನೋರು ಮಾತ್ರೇನೂ ಜೊತೆಗೇ ಒಯ್ದು ಆ ತಿಂಡಿ ಹೊತ್ತಿಗೇ ನುಂಗ್ಬೇಕು. ಆದ್ರೆ ಈ ಟೈಮ್ ಬದಲಾವಣೆ ಡಾಕ್ಟರ್‌ಗೆ ಮೊದಲೇ ಹೇಳಿರಿ, ಯಾಕಂದ್ರೆ ಬೇಸಿಗೇಲಿ ಕೂತಿರೋ ಮೈಗೂ ಜನವರೀಲಿ ದಿನವಿಡೀ ಚೀಲ ಹೊರೋ ಮೈಗೂ ಬೇಕಾದ ಡೋಸ್ ಒಂದೇ ಇರ್ಬೇಕು ಅಂತೇನಿಲ್ಲ.

ಮೆಣಸು ಕೊಯ್ಯೋಕೆ ಏಣಿ ಹತ್ತೋರು, ಮರ ಕಸಿ ಮಾಡೋರು (ನೆರಳಿನ ಮರದ ಕೊಂಬೆ ಕಡಿಯೋರು), ಸಂಪಾಜೆ ಘಾಟಿಯಲ್ಲೋ ಮಾಕುಟ್ಟದ ಕಡೆಗೋ ಜೀಪು ಪಿಕಪ್ ಓಡಿಸೋರು ಕೆಂಪು ಗುರುತಿನ ಮಾತ್ರೆ ತಗೋತಿದ್ರೆ ಕೆಲಸ ಶುರು ಮಾಡೋಕೆ ಮುಂಚೆ ಹೊಟ್ಟೆಗೆ ಏನಾದ್ರೂ ಹಾಕಿರ್ಲೇಬೇಕು, ಮೀಟರ್ ಇದ್ರೆ ನೋಡ್ಕೊಂಡೇ ಹತ್ತಿ. ಇಪ್ಪತ್ತಡಿ ಮೇಲೆ ಸಿಲ್ವರ್ ಓಕ್ ಮರದಲ್ಲಿ ತಲೆ ತಿರುಗಿದ್ರೆ ಶುಗರ್ ಅಲ್ಲ ಸೊಂಟ ಮುರಿಯುತ್ತೆ.

ಮೆಟ್‌ಫಾರ್ಮಿನ್ ಊಟದ ಜೊತೆ ಇಲ್ಲಾಂದ್ರೆ ಊಟ ಆದ ಕೂಡಲೇ. ಖಾಲಿ ಹೊಟ್ಟೇಲಿ ತಗೊಂಡ್ರೆ ವಾಕರಿಕೆ, ಹೊಟ್ಟೆ ಉಬ್ಬರ, ಭೇದಿ ಜಾಸ್ತಿ. ಶುರುವಿನ ವಾರಗಳಲ್ಲಿ ಇದು ಎಷ್ಟೋ ಜನಕ್ಕೆ ಆಗುತ್ತೆ, ಆಮೇಲೆ ಕಮ್ಮಿ ಆಗುತ್ತೆ, ಅದಕ್ಕೇ ಡಾಕ್ಟರ್ ಮೊದಲು 500 ಎಂಜಿ ಕೊಟ್ಟು ನಿಧಾನಕ್ಕೆ ಏರಿಸೋದು. ಹೊಟ್ಟೆ ಕೆಟ್ಟಿತು ಅಂತ ಯಾರಿಗೂ ಹೇಳದೇ ನಿಲ್ಲಿಸಿಬಿಡೋದು ತುಂಬಾ ನಡೆಯುತ್ತೆ, ಅದರ ಬದಲು ಎಸ್‌ಆರ್ ಅಥವಾ ಎಕ್ಸ್‌ಆರ್ ಅಂತ ಬರೆದಿರೋ ನಿಧಾನಕ್ಕೆ ಕರಗೋ ಮಾತ್ರೆ ಕೊಡ್ತೀರಾ ಅಂತ ಕೇಳಿ. ಆ ಎಸ್‌ಆರ್ ಮಾತ್ರೆ ದೊಡ್ಡದಿರುತ್ತೆ, ಗಂಟಲಲ್ಲಿ ಸಿಕ್ಕಾಕೊಳುತ್ತೆ ಅಂತ ಕುಟ್ಟಿ ಪುಡಿ ಮಾಡಿ ಜೇನುತುಪ್ಪದಲ್ಲಿ ಕೊಡ್ತಾರೆ ಕೆಲವರು ಅಜ್ಜಂದಿರಿಗೆ. ಹಾಗೆ ಮಾಡಿದ್ರೆ ದಿನವಿಡೀ ಬಿಡ್ಬೇಕಾಗಿರೋ ಔಷಧಿ ಒಂದೇ ಸಲ ಹೊಟ್ಟೆಗೆ ಬೀಳುತ್ತೆ. ಕುಟ್ಟಬಾರದು, ಅಗಿಯಬಾರದು. ನುಂಗೋಕೆ ಕಷ್ಟ ಅಂದ್ರೆ ಸಣ್ಣ ಮಾತ್ರೆ ಕೇಳಿ ಬರೆಸ್ಕೊಳ್ಳಿ. ಇನ್ನೊಂದು, ಕೆಲವು ಎಸ್‌ಆರ್ ಮಾತ್ರೆಗಳ ಖಾಲಿ ಕವಚ ಮಲದಲ್ಲಿ ಹಾಗೇ ಕಾಣುತ್ತೆ, ಮಾತ್ರೆ ಕರಗಲೇ ಇಲ್ಲ ಅಂತ ಗಾಬರಿ ಬೀಳ್ಬೇಡಿ, ಔಷಧಿ ಒಳಗೆ ಹೋಗಿ ಆಗಿರುತ್ತೆ.

ವೋಗ್ಲಿಬೋಸ್, ಅಕಾರ್ಬೋಸ್ ಮೊದಲ ತುತ್ತಿನ ಜೊತೆ. ಊಟ ಮುಗಿದು ಅರ್ಧ ಗಂಟೆ ಆದ್ಮೇಲೆ ನೆನಪಾಗಿ ನುಂಗಿದ್ರೆ ಉಪಯೋಗ ಇಲ್ಲ, ಊಟ ಇಲ್ಲ ಅಂದ್ರೆ ಆ ಮಾತ್ರೇನೂ ಬೇಡ. ಸಿಟಾಗ್ಲಿಪ್ಟಿನ್, ಡಾಪಾಗ್ಲಿಫ್ಲೋಜಿನ್ ಥರದ್ದಕ್ಕೆ ಊಟದ ಹಂಗಿಲ್ಲ, ದಿನಾ ಒಂದೇ ಹೊತ್ತಿಗೆ ತಗೊಂಡ್ರೆ ಸಾಕು. ಸೆಮಗ್ಲುಟೈಡ್ ಮಾತ್ರೆ ಈಗೀಗ ಕೆಲವರು ತಗೋತಿದ್ದಾರೆ, ಅದು ಪೂರ್ತಿ ಉಲ್ಟಾ: ಎದ್ದ ಕೂಡಲೇ ಖಾಲಿ ಹೊಟ್ಟೇಲಿ, 120 ಎಂಎಲ್ ಮೀರದ ನೀರಲ್ಲಿ, ಆಮೇಲೆ ಅರ್ಧ ಗಂಟೆ ಕಾಪೀನೂ ಇಲ್ಲ ಬೇರೆ ಮಾತ್ರೆನೂ ಇಲ್ಲ.

ಕಾಪಿ ಅಂದಾಗ ನೆನಪಾಯ್ತು, ಮಾತ್ರೆ ಬೆಲ್ಲದ ಕಾಪಿ ಜೊತೆ ನುಂಗೋದು ನಮ್ಮ ಊರಿನ ಚಟ. ಬೆಲ್ಲ ಆರೋಗ್ಯಕ್ಕೆ ಒಳ್ಳೇದು, ಸಕ್ಕರೆ ಮಾತ್ರ ಕೆಟ್ಟದ್ದು ಅನ್ನೋ ನಂಬಿಕೆ ಎಷ್ಟು ಗಟ್ಟಿ ಅಂದ್ರೆ ಅದರ ಬಗ್ಗೆ ವಾದ ಮಾಡೋದೇ ನಾನು ಬಿಟ್ಟಿದ್ದೀನಿ, ಮೀಟರಲ್ಲಿ ಎರಡೂ ಒಂದೇ ಥರ ಏರಿಸುತ್ತೆ. ಮಾತ್ರೆಗೆ ಸಾದಾ ನೀರು.

4. ಲೋ ಆದ್ರೆ ಏನು ಮಾಡ್ಬೇಕು

ಕೈ ನಡುಕ, ತಣ್ಣನೆ ಬೆವರು, ಎದೆ ಡವಡವ, ಸಡನ್ನಾಗಿ ಹಸಿವು, ಆಮೇಲೆ ಸಿಡಿಮಿಡಿ, ಮಾತು ತೊದಲೋದು, ಮಂಕು. ಸಾಯಂಕಾಲ ಆರು ಗಂಟೆಗೆ ಹೀಗಾದ್ರೆ ಪೆಗ್ ಹಾಕಿದ್ದಾರೆ ಅಂತ ಮನೆಯವರು ಬೈದು ಮಲಗಿಸಿಬಿಡೋ ಅಪಾಯ ಇದೆ, ಅದಕ್ಕೆ ಮನೇಲಿರೋ ಎಲ್ರಿಗೂ ಈ ಲಕ್ಷಣ ಗೊತ್ತಿರ್ಲಿ. ಬಿಪಿಗೋ ಹಾರ್ಟ್‌ಗೋ ಮೆಟೊಪ್ರೊಲಾಲ್, ಅಟೆನೊಲಾಲ್ ಥರ ಮಾತ್ರೆ ತಗೊಳ್ಳೋರಿಗೆ ಎದೆ ಬಡಿತ, ನಡುಕ ಗೊತ್ತಾಗದೇ ಹೋಗ್ಬಹುದು, ಬೆವರು ಮಾತ್ರ ಬರುತ್ತೆ.

ಮೀಟರ್ ಕೈಗೆ ಸಿಕ್ರೆ ನೋಡಿ, 70ಕ್ಕಿಂತ ಕಮ್ಮಿ ಇದ್ರೆ ಲೋ. ಮೀಟರ್ ಹುಡುಕೋದ್ರಲ್ಲಿ ಟೈಮ್ ಹಾಳು ಮಾಡ್ಬೇಡಿ, ಅನುಮಾನ ಬಂದ್ರೆ ಸಿಹಿ ಕೊಡಿ. 15 ಗ್ರಾಂ ಗ್ಲೂಕೋಸ್, ಅಂದ್ರೆ ಸುಮಾರು ಮೂರು ಟೀ ಚಮಚ ಗ್ಲೂಕೋಸ್ ಪುಡಿ ಅರ್ಧ ಲೋಟ ನೀರಲ್ಲಿ. ಅದಿಲ್ಲ ಅಂದ್ರೆ ಮೂರು ಚಮಚ ಸಕ್ಕರೆ. 15 ನಿಮಿಷ ಬಿಟ್ಟು ಮತ್ತೆ ನೋಡಿ, ಇನ್ನೂ 70ರ ಕೆಳಗೇ ಇದ್ರೆ ಇನ್ನೊಂದು ಸಲ ಅಷ್ಟೇ ಕೊಡಿ. ಸರಿ ಹೋದ್ಮೇಲೆ ಒಂದು ರೊಟ್ಟಿನೋ ಬಿಸ್ಕತ್ತೋ ಏನಾದ್ರೂ ತಿನ್ನಿಸಿ. ಚಾಕಲೇಟ್, ಬರ್ಫಿ ಕೊಡೋಕೆ ಹೋಗ್ಬೇಡಿ, ಅದರಲ್ಲಿರೋ ಕೊಬ್ಬಿಂದ ಸಕ್ಕರೆ ರಕ್ತಕ್ಕೆ ಸೇರೋದು ತಡ ಆಗುತ್ತೆ.

ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಕೂಡ ಸೇರಿರೋ ಮಾತ್ರೆ ತಗೊಳ್ಳೋರಿಗೆ ಸಕ್ಕರೆ, ಬೆಲ್ಲ ಬೇಗ ಕೆಲಸ ಮಾಡಲ್ಲ, ಯಾಕಂದ್ರೆ ಸಕ್ಕರೆಯನ್ನ ಒಡೆಯೋ ಕಿಣ್ವವನ್ನೇ ಆ ಔಷಧಿ ತಡೆದಿರುತ್ತೆ. ಅವರಿಗೆ ಸಾದಾ ಗ್ಲೂಕೋಸ್ ಪುಡೀನೇ ಬೇಕು. ಒಂದು ಪ್ಯಾಕೆಟ್ ಮಲಗೋ ರೂಮಲ್ಲಿ, ಒಂದು ಜೀಪಲ್ಲಿ ಇಟ್ಟಿರಿ.

ಪ್ರಜ್ಞೆ ತಪ್ಪಿದ್ರೆ ಅಥವಾ ನುಂಗೋ ಸ್ಥಿತೀಲಿ ಇಲ್ಲ ಅಂದ್ರೆ ಬಾಯಿಗೆ ಏನೂ ಹುಯ್ಯಬೇಡಿ, ಶ್ವಾಸಕ್ಕೆ ಹೋಗುತ್ತೆ. ಪಕ್ಕಕ್ಕೆ ತಿರುಗಿಸಿ ಮಲಗಿಸಿ, 108ಕ್ಕೆ ಫೋನ್ ಮಾಡಿ, ಆಂಬುಲೆನ್ಸ್ ಬರೋದು ತಡ ಅಂತ ಗೊತ್ತಿರೋ ಜಾಗ ಆದ್ರೆ ತೋಟದ ಜೀಪಲ್ಲೇ ಹೊರಡಿ. ಗ್ಲಿಮೆಪಿರೈಡ್ ಗುಂಪಿನ ಲೋಗೆ ಒಂದು ಕೆಟ್ಟ ಗುಣ ಇದೆ, ಗ್ಲೂಕೋಸ್ ಕೊಟ್ಟು ಎದ್ದು ಕೂತ ಮನುಷ್ಯ ಮೂರ್ನಾಲ್ಕು ಗಂಟೆ ಬಿಟ್ಟು ಮತ್ತೆ ಬೀಳ್ಬಹುದು, ವಯಸ್ಸಾದೋರಿಗೆ ಕಿಡ್ನಿ ವೀಕ್ ಇರೋರಿಗೆ ಇನ್ನೂ ಜಾಸ್ತಿ. ಅದಕ್ಕೆ ಜೋರಾಗಿ ಲೋ ಆದೋರನ್ನ ಡಾಕ್ಟರ್ ಆಸ್ಪತ್ರೇಲೇ ಇಟ್ಕೋತೀವಿ ಅಂದ್ರೆ "ಈಗ ಸರಿ ಇದ್ದಾರಲ್ಲ" ಅಂತ ವಾಪಸ್ ಕರ್ಕೊಂಡು ಬರಬೇಡಿ.

5. ಮರೆತ್ರೆ, ಜ್ವರ ಬಂದ್ರೆ

ಮರೆತ ಮಾತ್ರೆಗೆ ಡಬಲ್ ಇಲ್ಲ. ಸ್ವಲ್ಪ ಹೊತ್ತಲ್ಲೇ ನೆನಪಾಗಿ, ಊಟವೂ ಜೊತೆಗಿದ್ರೆ ತಗೊಳ್ಳಿ, ಮುಂದಿನ ಡೋಸ್ ಹತ್ರ ಬಂದಿದ್ರೆ ಮರೆತಿದ್ದನ್ನ ಬಿಟ್ಟುಬಿಡಿ. ತಗೊಂಡ್ನೋ ಇಲ್ವೋ ಅನ್ನೋ ಅನುಮಾನ ಬಂದ್ರೆ, ಅದರಲ್ಲೂ ಕೆಂಪು ಗುರುತಿನದ್ದಾದ್ರೆ, ತಗೋಬೇಡಿ. ಒಂದು ಹೊತ್ತು ಶುಗರ್ ಸ್ವಲ್ಪ ಜಾಸ್ತಿ ಆದ್ರೆ ಲೋ ಆದಷ್ಟು ಕಷ್ಟ ಇಲ್ಲ.

ಮಳೆಗಾಲದ ಜ್ವರ, ವಾಂತಿ ಭೇದಿ ಬಂದಾಗ ಏನು ಅನ್ನೋದನ್ನ ಚೆನ್ನಾಗಿರೋವಾಗ್ಲೇ ಡಾಕ್ಟರ್ ಹತ್ರ ಕೇಳಿ ಬರೆಸಿಟ್ಕೊಳ್ಳಿ. ನೀರು ಕೂಡ ನಿಲ್ತಿಲ್ಲ ಅಂದಾಗ ಸಾಮಾನ್ಯವಾಗಿ ಮೆಟ್‌ಫಾರ್ಮಿನ್ ಮತ್ತೆ ಗ್ಲಿಫ್ಲೋಜಿನ್ ತಾತ್ಕಾಲಿಕವಾಗಿ ನಿಲ್ಲಿಸೋಕೆ ಹೇಳ್ತಾರೆ, ಮೈ ಒಣಗಿ ಕಿಡ್ನಿ ಸೋತಾಗ ಮೆಟ್‌ಫಾರ್ಮಿನ್‌ನಿಂದ ರಕ್ತದಲ್ಲಿ ಆಸಿಡ್ ಸೇರೋ ಅಪಾಯ ಇದೆ. ಊಟವೇ ಹೋಗ್ತಿಲ್ಲ ಅಂದ್ರೆ ಕೆಂಪು ಗುರುತಿನದ್ದೂ ಕೇಳದೇ ನುಂಗಬೇಡಿ. ಹಾಗಂತ ಎಲ್ಲಾ ಮಾತ್ರೆ ಬಿಟ್ಟು ಮಲಗೋದೂ ಸರಿಯಲ್ಲ, ಜ್ವರದಲ್ಲಿ ಊಟ ಮಾಡದಿದ್ರೂ ಶುಗರ್ ಏರ್ಬಹುದು, ದಿನಕ್ಕೆ ಮೂರು ನಾಲ್ಕು ಸಲ ನೋಡಿ. ಡಾಪಾ, ಎಂಪಾ ಗ್ಲಿಫ್ಲೋಜಿನ್ ತಗೊಳ್ಳೋರಿಗೆ ಹೊಟ್ಟೆನೋವು, ವಾಂತಿ, ಜೋರು ಉಸಿರು ಬಂದ್ರೆ ಮೀಟರಲ್ಲಿ ಶುಗರ್ ಅಷ್ಟೇನೂ ಇಲ್ಲ ಅಂತ ಸುಮ್ಮನಿರಬೇಡಿ, ಕೀಟೋನ್ ಅನ್ನೋ ಆಸಿಡ್ ರಕ್ತದಲ್ಲಿ ಏರಿರಬಹುದು, ಆಸ್ಪತ್ರೆಗೆ ಹೋಗಿ. ಆಪರೇಷನ್ ಇದೆ ಅಂದ್ರೆ ಈ ಡಾಪಾ, ಎಂಪಾ ಮಾತ್ರೆಗಳನ್ನ ಕಮ್ಮಿ ಅಂದ್ರೂ 3 ದಿನ ಮುಂಚೆ ನಿಲ್ಲಿಸ್ಬೇಕು, ಸರ್ಜನ್‌ಗೆ ಮೊದಲೇ ಹೇಳಿ. ಇದೇ ಮಾತ್ರೆಯಿಂದ ಮೂತ್ರದಲ್ಲಿ ಸಕ್ಕರೆ ಹೋಗೋದ್ರಿಂದ ಕೆಳಗಡೆ ತುರಿಕೆ, ಫಂಗಸ್ ಬರುತ್ತೆ, ಬಟ್ಟೆ ಒಣಗದ ಆಗಸ್ಟ್ ತಿಂಗಳಲ್ಲಿ ಇನ್ನೂ ಜಾಸ್ತಿ. ಒದ್ದೆ ಒಳಬಟ್ಟೆ ಹಾಕ್ಬೇಡಿ, ಇಸ್ತ್ರಿ ಮಾಡಿಯಾದ್ರೂ ಒಣಗಿಸಿ, ನಾಚ್ಕೊಳ್ಳದೇ ಡಾಕ್ಟರ್‌ಗೆ ಹೇಳಿ.

6. ಮದ್ದು ಸೊಪ್ಪು, ಪೆಗ್ಗು, ಇತರೆ

ಕೊಡವರ ಕಕ್ಕಡ ತಿಂಗಳ 18ಕ್ಕೆ, ಅಂದ್ರೆ ಆಗಸ್ಟ್ 3ರ ಹೊತ್ತಿಗೆ, ಮದ್ದು ಸೊಪ್ಪಿನ ಪಾಯಸ ಮಾಡದ ಮನೆ ಕಮ್ಮಿ. ತಿನ್ನಿ, ಯಾರು ಬೇಡ ಅಂತಾರೆ. ಆದ್ರೆ ಅದು ಹದಿನೆಂಟು ಮದ್ದು ಸೇರಿದ ಸೊಪ್ಪು, ಇವತ್ತು ಶುಗರ್ ಮಾತ್ರೆ ಬೇಡ ಅಂತ ಬಿಡಬೇಡಿ, ಪಾಯಸದಲ್ಲಿ ಸೊಪ್ಪಿನ ರಸಕ್ಕಿಂತ ಬೆಲ್ಲ ಅಕ್ಕಿ ಜಾಸ್ತಿ ಇರುತ್ತೆ. ಮಾರನೇ ದಿನ ಮೂತ್ರ ಕೆಂಪಗೆ ಬಂದ್ರೆ ಸೊಪ್ಪಿನ ಬಣ್ಣ, ಮಾತ್ರೆಯಿಂದಲ್ಲ. ಎರಡು ದಿನ ಕಳೆದ್ರೂ ಹೋಗ್ಲಿಲ್ಲ ಅಂದ್ರೆ ಮಾತ್ರ ತೋರಿಸಿ. ಹಾಗಲಕಾಯಿ ಜ್ಯೂಸು, ಮಧುನಾಶಿನಿ ಪುಡಿ ಇವನ್ನ ಮಾತ್ರೆ ಜೊತೆ ಸೇರಿಸಿದ್ರೆ ಶುಗರ್ ಇನ್ನೂ ಇಳೀಬಹುದು. ಲೇಬಲ್ ಇಲ್ಲದ ಶುಗರ್ ಪುಡಿ ಅಂತೂ ಮುಟ್ಟಲೇಬೇಡಿ, ಇಂಥ ಪುಡಿಗಳಲ್ಲಿ ಅಲೋಪತಿ ಮಾತ್ರೇನೇ ಅರೆದು ಬೆರೆಸಿರೋದು ಟೆಸ್ಟಲ್ಲಿ ಸಿಕ್ಕಿದ ಉದಾಹರಣೆ ಇದೆ.

ಕೈಲ್‌ಪೊಳ್ದ್, ಪುತ್ತರಿ ಹಬ್ಬ, ಮದುವೆ ಮನೆ, ಇಲ್ಲೆಲ್ಲಾ ಗ್ಲಾಸು ಕೈಗೆ ಬರುತ್ತೆ. ಕುಡೀಬೇಡಿ ಅನ್ನೋದು ಬರೆಯೋಕೆ ಸುಲಭ, ನಮ್ಮೂರಲ್ಲಿ ಯಾರು ಕೇಳ್ತಾರೆ. ವಿಷಯ ಏನಂದ್ರೆ ರಾತ್ರಿ ಹೊತ್ತು ಲಿವರ್ ರಕ್ತಕ್ಕೆ ಸಕ್ಕರೆ ಬಿಡ್ತಾ ಇರುತ್ತೆ, ಆಲ್ಕೊಹಾಲ್ ಆ ಕೆಲಸ ನಿಲ್ಲಿಸುತ್ತೆ, ಕೆಂಪು ಗುರುತಿನ ಮಾತ್ರೆ ಮೇಲೆ ಎರಡು ಪೆಗ್ ಬಿದ್ರೆ ಲೋ ಆಗೋದು ಕುಡಿದ ಹೊತ್ತಲ್ಲಿ ಅಲ್ಲ, ಬೆಳಗಿನ ಜಾವ. ಹೊಟ್ಟೆ ಖಾಲಿ ಇಟ್ಕೊಂಡು, ಬರೀ ಪಂದಿ ಕರಿ ನಂಜ್ಕೊಂಡು ಕುಡಿಯೋದು ಅತೀ ಕೆಟ್ಟ ವಿಧಾನ, ಮಾಂಸದಲ್ಲಿ ಪಿಷ್ಟ ಇಲ್ಲ, ಅಕ್ಕಿಯ ಕಡಂಬುಟ್ಟು ಎರಡಾದ್ರೂ ತಿನ್ನಿ. ಮೆಟ್‌ಫಾರ್ಮಿನ್ ತಗೊಳ್ಳೋರು ಲಿಮಿಟ್ ಮೀರಿ ಕುಡಿದ್ರೆ ಮೇಲೆ ಹೇಳಿದ ಆಸಿಡ್ ತೊಂದ್ರೆ. ಮನೇಲಿ ಮಾಡಿದ ವೈನ್ ಆದ್ರೂ ಆಲ್ಕೊಹಾಲೇ, ಮೇಲಿಂದ ಸಕ್ಕರೆ ಬೇರೆ.

ಉಪವಾಸ, ರಂಜಾನ್ ಇದ್ರೆ ಶುರು ಆಗೋ ಒಂದೆರಡು ತಿಂಗಳು ಮುಂಚೆಯೇ ಡಾಕ್ಟರ್ ಹತ್ರ ಮಾತಾಡಿ ಮಾತ್ರೆ ಟೈಮ್ ಬದಲಾಯಿಸ್ಕೊಳ್ಳಿ.

ಬೇರೆ ಕಾಯಿಲೆಗೆ ಹೋದಾಗ ಶುಗರ್ ಇದೆ ಅಂತ ಹೇಳೋದು ಮರೀಬೇಡಿ. ಮಂಡಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ರೆ ಕೆಲವು ದಿನ ಶುಗರ್ ಏರುತ್ತೆ. ಸಿಪ್ರೋಫ್ಲಾಕ್ಸಸಿನ್, ಲಿವೋಫ್ಲಾಕ್ಸಸಿನ್ ಆಂಟಿಬಯೋಟಿಕ್ ಗ್ಲಿಮೆಪಿರೈಡ್ ಜೊತೆ ಲೋ ಮಾಡ್ಬಹುದು. ಸೊಂಟನೋವಿಗೆ ದಿನಾ ಪೇನ್‌ಕಿಲ್ಲರ್ ನುಂಗಿದ್ರೆ ಕಿಡ್ನಿ ಹೋಗುತ್ತೆ, ಕಿಡ್ನಿ ಹೋದ್ರೆ ಶುಗರ್ ಮಾತ್ರೆಗಳ ಲೆಕ್ಕವೇ ಬದಲಾಗುತ್ತೆ.

7. ಮಳೆಗಾಲಕ್ಕೆ ಸ್ಟಾಕು

ಮೇ ಕೊನೇಲಿ ಸೌದೆ, ಉಪ್ಪಿನಕಾಯಿ, ಒಣ ಮೀನು ರೆಡಿ ಮಾಡ್ಕೊಳ್ಳೋವಾಗಲೇ ಮಾತ್ರೆನೂ ಸೇರಿಸಿ. ತಿಂಗಳ ಮಾತ್ರೆ ಮೇಲೆ ಹದಿನೈದು ದಿನದ್ದು ಎಕ್ಸ್‌ಟ್ರಾ ಯಾವಾಗ್ಲೂ ಇರ್ಲಿ. 2018ರ ಆಗಸ್ಟಲ್ಲಿ ಗುಡ್ಡ ಜರಿದು ಮಡಿಕೇರಿ ಸುತ್ತ ರೋಡುಗಳೇ ಇಲ್ಲದೇ ಹೋಗಿದ್ದು ಎಲ್ರಿಗೂ ನೆನಪಿದೆ, ಭಾಗಮಂಡಲದ ಕಡೆ ಅಂತೂ ಸಂಗಮ ಉಕ್ಕಿ ರೋಡ್ ಮುಳುಗೋದು ಹೊಸದೇನಲ್ಲ. ಮಾತ್ರೆ, ಪ್ರಿಸ್ಕ್ರಿಪ್ಷನ್ ಝೆರಾಕ್ಸ್, ಗ್ಲೂಕೋಸ್ ಪುಡಿ, ಮೀಟರ್ ಒಂದೇ ಪ್ಲಾಸ್ಟಿಕ್ ಡಬ್ಬೀಲಿ ಇದ್ರೆ ಮನೆ ಬಿಟ್ಟು ಹೊರಡ್ಬೇಕಾದ್ರೂ ಎತ್ಕೊಂಡು ಹೋಗ್ಬಹುದು.

ಒಲೆ ಮೇಲಿನ ಶೆಲ್ಫು, ಬಾತ್‌ರೂಮು, ಕಿಟಕಿ ಪಕ್ಕ ಬೇಡ. ಫ್ರಿಜ್ಜೂ ಬೇಡ, ತೆಗೆದು ಹಾಕೋವಾಗ ನೀರು ಕೂರುತ್ತೆ. ವಾರದ ಪಿಲ್ ಬಾಕ್ಸ್ ಒಳ್ಳೇದೇ, ಆದ್ರೆ ನಮ್ಮ ಮಳೇಲಿ ಮಾತ್ರೆ ಬಿಡಿಸಿ ಹಾಕಿದ್ರೆ ಮೂರು ದಿನಕ್ಕೆ ಮೆತ್ತಗಾಗುತ್ತೆ, ವಿಲ್ಡಾಗ್ಲಿಪ್ಟಿನ್ ಥರದ್ದು ತೇವ ತಡಿಯಲ್ಲ. ಫಾಯಿಲ್ ಸಮೇತ ಕತ್ತರಿಸಿ ಹಾಕಿ. ಬಣ್ಣ ಹೋಗಿ ಚುಕ್ಕೆ ಬಂದಿರೋದು, ಪುಡಿ ಪುಡಿ ಆಗಿರೋದು ಎಸೀರಿ.

ಮೀಟರ್ ಸ್ಟ್ರಿಪ್ ಡಬ್ಬಿ ಮುಚ್ಚಳ ಕೂಡಲೇ ಮುಚ್ಚಿ, ತೆರೆದ ತಾರೀಕು ಮೇಲೆ ಬರೀರಿ. ಕೈ ತೊಳೆದು ಒರೆಸಿ ಆಮೇಲೆ ಚುಚ್ಚಿ, ಕಿತ್ತಳೆ ಸುಲಿದ ಬೆರಳಲ್ಲೋ ಹಣ್ಣು ಕಾಫಿ ಕೊಯ್ದ ಅಂಟು ಕೈಯಲ್ಲೋ ನೋಡಿದ್ರೆ ಇಲ್ಲದ ಶುಗರ್ ತೋರಿಸುತ್ತೆ.

8. ಟೆಸ್ಟುಗಳು

ಮೂರು ತಿಂಗಳ ಶುಗರ್ ಅಂತ ನಾವು ಕರೆಯೋ ಎಚ್‌ಬಿಎ1ಸಿ, ಮಾತ್ರೆ ಬದಲಾಗ್ತಾ ಇದ್ರೆ ಮೂರು ತಿಂಗಳಿಗೆ, ಸ್ಟೆಡಿ ಇದ್ರೆ ಆರು ತಿಂಗಳಿಗೆ. ಹೆಚ್ಚಿನವರಿಗೆ 7ರ ಕೆಳಗೆ ಗುರಿ ಇಡ್ತಾರೆ, ಒಂಟಿಯಾಗಿರೋ 80 ದಾಟಿದ ಅಜ್ಜಿಗೆ ಡಾಕ್ಟರ್ 8ರ ಹತ್ರ ಇದ್ರೂ ಸಾಕು ಅಂದ್ರೆ ಅದು ಅಸಡ್ಡೆ ಅಲ್ಲ, ಲೋ ಆಗ್ಬಾರ್ದು ಅನ್ನೋ ಲೆಕ್ಕ. ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ 30 ದಾಟಿದವರಿಗೆ ಬಿಪಿ ಶುಗರ್ ಚೆಕ್ ಮಾಡ್ತಾರೆ, ಲೈನ್ ಮನೇಲಿರೋರನ್ನೂ ಕರ್ಕೊಂಡು ಹೋಗಿ.

ವರ್ಷಕ್ಕೊಂದು ಸಲ ಕಿಡ್ನಿ ನೋಡೋ ಕ್ರಿಯಾಟಿನಿನ್ ಟೆಸ್ಟ್ ಮಾಡಿಸಿ, ರಿಪೋರ್ಟಲ್ಲಿ ಇಜಿಎಫ್‌ಆರ್ ಅಂತ, ಕಿಡ್ನಿ ಎಷ್ಟು ಚೆನ್ನಾಗಿ ಸೋಸುತ್ತೆ ಅನ್ನೋ ಒಂದು ನಂಬರ್ ಇರುತ್ತೆ, ಅದು 45ರ ಕೆಳಗೆ ಬಂದ್ರೆ ಮೆಟ್‌ಫಾರ್ಮಿನ್ ಡೋಸ್ ಮತ್ತೆ ನೋಡ್ಬೇಕು, 30ರ ಕೆಳಗೆ ಆದ್ರೆ ನಿಲ್ಲಿಸ್ತಾರೆ. ಸ್ಕ್ಯಾನ್‌ಗೆ ಡೈ ಇಂಜೆಕ್ಷನ್ ಕೊಡೋ ಮುಂಚೆಯೂ ಮೆಟ್‌ಫಾರ್ಮಿನ್ ತಗೋತೀನಿ ಅಂತ ಹೇಳಿ. ಮೂತ್ರದ ಆಲ್ಬುಮಿನ್, ಕಣ್ಣಿನ ರೆಟಿನಾ, ಪಾದ, ಇವೂ ವರ್ಷಕ್ಕೊಮ್ಮೆ. ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತಗೊಂಡೋರಿಗೆ ಬಿ12 ಕಮ್ಮಿ ಆಗ್ಬಹುದು, ಕಾಲು ಜೋಮು ಹಿಡಿಯೋದು, ಸುಸ್ತು ಎಲ್ಲಾ ಶುಗರ್‌ದೇ ಅಂತ ಅಂದ್ಕೊಂಡು ಬಿಟ್ಟಿರ್ತೀವಿ. ಬಿ12 ಟೆಸ್ಟನ್ನ ಡಾಕ್ಟರ್ ತಾವಾಗಿ ಬರೀಲಿಲ್ಲ ಅಂದ್ರೆ ನೀವೇ ಕೇಳಿ ಬರೆಸ್ಕೊಳ್ಳಿ, ಕಮ್ಮಿ ಇದ್ರೆ ಅದಕ್ಕೂ ಮಾತ್ರೆ ಇಲ್ಲಾ ಇಂಜೆಕ್ಷನ್ ಇದೆ, ಮೆಟ್‌ಫಾರ್ಮಿನ್ ಬಿಡೋ ಅವಶ್ಯಕತೆ ಸಾಮಾನ್ಯವಾಗಿ ಬರಲ್ಲ.